ಎಲ್ಲದಕ್ಕೂ ‘ಆಯಿತು’ ಎನ್ನುವ ಆಪರೇಟಿಂಗ್ ಸಿಸ್ಟಂ ಅವರ ಸನ್ನಿಧಿಗೆ

ಮಾನ್ಯರೇ,

ಪತ್ರದ ಮೊದಲಿಗೆ ಕ್ಷೇಮಸಮಾಚಾರ ವಿಚಾರಿಸುವುದು ಹಿರಿಯರು ಹಾಕಿಕೊಟ್ಟ ಪದ್ಧತಿಯಾದರೂ, ತಮ್ಮ ವಿಷಯದಲ್ಲಿ ಅದನ್ನು ಕೈಬಿಡಲು ಅಪ್ಪಣೆ ಬೇಡುತ್ತೇನೆ. ಏಕೆಂದರೆ ತಾವು ಒಳಗೆ ಕೂತು ನಡೆಸುವ ಕಂಪ್ಯೂಟರ್ ಪೆಟ್ಟಿಗೆಯಿಂದ ಹೊಗೆ ಏಳುತ್ತಿದ್ದರೂ ತಾವು ಕ್ಷೇಮವೆಂದೇ ಉತ್ತರಿಸುತ್ತೀರಿ ಎಂಬುದು ಅನುಭವದಿಂದ ನನಗೆ ಗೊತ್ತಾಗಿದೆ. ಆದ್ದರಿಂದ ಉದ್ದಂಡ ನಮಸ್ಕಾರ ಹಾಕಿ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಕಳೆದ ಹದಿನಾಲ್ಕು ತಿಂಗಳು ಪ್ರತಿ ಭಾನುವಾರ, ಅಂಧ ಮಕ್ಕಳ ಶಾಲೆಯ ಹಿಂಬದಿಯ ಅಚ್ಚುಕೋಣೆಯಲ್ಲಿ, ಒಂದು ಕಾಲು ಮೋಟಾದ ಕುರ್ಚಿಯ ಮೇಲೆ ತಮ್ಮೆದುರು ಕೂತು ಬೆರಳು ಸವೆಸಿದವನು ನಾನು. ಆ ಕೋಣೆಯ ಬ್ರೈಲ್ ಯಂತ್ರ, ಅಂದರೆ ದಪ್ಪ ಹಾಳೆಯ ಮೇಲೆ ಚುಕ್ಕಿಗಳನ್ನು ಉಬ್ಬಿಸುವ ಯಂತ್ರ, ತಮ್ಮ ಮಾತನ್ನು ಬಿಟ್ಟು ಬೇರೆ ಯಾರ ಮಾತನ್ನೂ ಕೇಳುವುದಿಲ್ಲ. ನನ್ನ ಅಕ್ಕ ಅಲ್ಲಿ ಕರಡು ತಿದ್ದುತ್ತಾಳೆ. ಹುಟ್ಟಿನಿಂದ ಕಣ್ಣು ಕಾಣದ ಅವಳು ಬೆರಳ ತುದಿಯಲ್ಲಿ ಹಿಡಿಯುವ ತಪ್ಪುಗಳನ್ನು ಕನ್ನಡಕ ಹಾಕಿದ ನಾಲ್ಕು ಜನ ಸೇರಿದರೂ ಹಿಡಿಯಲಾರರು. ಶಾಲೆಯ ಹಳೆಯ ತಂತ್ರಾಂಶ ಕಥೆ, ಪದ್ಯಗಳನ್ನು ಸರಿಯಾಗಿಯೇ ಅಚ್ಚು ಮಾಡುತ್ತಿತ್ತಾದರೂ, ಗಣಿತದ ಭಿನ್ನರಾಶಿ ಕಂಡ ಕೂಡಲೇ ಮೇಲಿನ ಅಂಕಿಯನ್ನು ಕೆಳಗೂ ಕೆಳಗಿನದನ್ನು ಮೇಲೂ ಹಾಕಿ ಮಕ್ಕಳ ತಲೆ ಕೆಡಿಸುತ್ತಿತ್ತು. ಅದನ್ನು ಸರಿಯಾಗಿ ಮಾಡುವ ಹೊಸ ತಂತ್ರಾಂಶವೊಂದಿದೆ. ಆದರೆ ಅದನ್ನು ಬರೆದ ಭಾಷೆಯ ಕಂಪೈಲರ್, ಅಂದರೆ ಮನುಷ್ಯರು ಬರೆದದ್ದನ್ನು ಯಂತ್ರಕ್ಕೆ ತಿಳಿಯುವಂತೆ ಮಾರ್ಪಡಿಸುವ ತಂತ್ರಾಂಶ, ಇನ್ನೂ ತಮ್ಮ ಹೊಸಿಲು ತುಳಿದಿರಲಿಲ್ಲ. ಹನ್ನೊಂದು ಮಕ್ಕಳ ವಾರ್ಷಿಕ ಪರೀಕ್ಷೆಗೆ ಗಣಿತದ ಪುಸ್ತಕ ಆಗಲೇಬೇಕಿತ್ತು. ಕಂಪೈಲರನ್ನು ಕರೆತಂದು ಕೂರಿಸುವುದು ನನ್ನ ಜವಾಬ್ದಾರಿ ಎಂದು ಅಕ್ಕನಿಗೆ ಮಾತು ಕೊಟ್ಟೆ.

ತಮ್ಮನ್ನು ಬಳಸುವ ಯಂತ್ರಗಳು ಜಗತ್ತಿನಲ್ಲಿ ಒಂಬತ್ತಿವೆ ಎಂದು ತಮ್ಮನ್ನು ಬರೆದು ನೋಡಿಕೊಳ್ಳುವ ಪಾಲಕ ಮಹಾಶಯರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಅವುಗಳಲ್ಲಿ ಮೂರು ನಮ್ಮ ಅಚ್ಚುಕೋಣೆಯಲ್ಲೇ ಇದ್ದು, ಒಂದರ ಮೇಲೆ ಹೂದಾನಿ ಇಟ್ಟಿದ್ದಾರೆ. ಇಂಥ ಅಪರೂಪದ ತಮ್ಮ ಸೇವೆಗೆ ನಾನು ಪಟ್ಟ ಪಾಡನ್ನು ಹೇಳಿಕೊಂಡರೆ ಆತ್ಮಸ್ತುತಿಯಾದೀತು. ಆ ಕಂಪೈಲರನ್ನು ಬರೆದಿರುವುದು ಅದರದೇ ಭಾಷೆಯಲ್ಲಿ, ಹಾಗಾಗಿ ಕಂಪೈಲರ್ ಕಟ್ಟಬೇಕಾದರೆ ಮೊದಲು ಕಂಪೈಲರ್ ಬೇಕು. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು. ಕೊನೆಗೆ ನನ್ನ ಯಂತ್ರದಲ್ಲಿ ಅದನ್ನು ಕಟ್ಟಿ ಪೆನ್‌ಡ್ರೈವಿನಲ್ಲಿ ಹೊತ್ತು ತಂದರೆ, ಕಡತದ ಹೆಸರು ಹನ್ನೆರಡು ಅಕ್ಷರ ಮೀರಬಾರದೆಂಬ ತಮ್ಮ ಮಡಿಯ ಪ್ರಕಾರ ತಾವು ಹೆಚ್ಚಿನದನ್ನೆಲ್ಲ ಸದ್ದಿಲ್ಲದೆ ಕತ್ತರಿಸಿದಿರಿ, ಒಂದೇ ಥರ ಶುರುವಾಗುವ ನಲವತ್ತು ಕಡತಗಳನ್ನು ಒಂದರ ಮೇಲೊಂದು ಬರೆದು ಒಂದೇ ಕಡತ ಮಾಡಿದಿರಿ, ಮತ್ತು ‘ಆಯಿತು’ ಎಂದಿರಿ. ಅದನ್ನು ಪತ್ತೆ ಹಚ್ಚಲು ನನಗೆ ಐದು ಭಾನುವಾರ ಹಿಡಿಯಿತು.

ಕಂಪೈಲರ್ ನೆಟ್ಟಗಿದೆಯೇ ಎಂದು ತಿಳಿಯಲು ಆರು ಸಾವಿರದ ನಾನೂರ ಹನ್ನೆರಡು ತಪಾಸಣೆಗಳಿವೆ. ಪ್ರತಿಯೊಂದೂ ಒಂದು ಪುಟ್ಟ ಪ್ರೋಗ್ರಾಂ ಕಟ್ಟಿ, ಓಡಿಸಿ, ಆಯಿತೇ ಎಂದು ಕೇಳುತ್ತದೆ. ನನ್ನ ಯಂತ್ರ ಇದಕ್ಕೆ ಮೂರು ಗಂಟೆ ಏದುಸಿರು ಬಿಡುತ್ತದೆ. ತಾವಾದರೋ ನಾಲ್ಕೇ ನಿಮಿಷದಲ್ಲಿ ಅಷ್ಟಕ್ಕೂ ‘ಆಯಿತು’ ಎಂದಿರಿ. ನನಗೆ ಅನುಮಾನ ಬರಬೇಕಿತ್ತು, ಬಂದದ್ದು ಜಂಭ. ಹೊಸದಕ್ಕೆ ಜಾಗ ಸಾಲದೆಂದು ಶಾಲೆಯ ಹಳೆಯ ತಂತ್ರಾಂಶವನ್ನು ಅದೇ ಗಳಿಗೆಯಲ್ಲಿ ನನ್ನ ಕೈಯಾರೆ ಅಳಿಸಿದೆ, ಪ್ರತಿ ಕೂಡ ಇಟ್ಟುಕೊಳ್ಳಲಿಲ್ಲ. ಅದಕ್ಕೂ ತಾವು ‘ಆಯಿತು’ ಎಂದಿರಿ, ಮತ್ತು ಹದಿನಾಲ್ಕು ತಿಂಗಳಲ್ಲಿ ತಾವು ಹೇಳಿದಂತೆ ಮಾಡಿದ ಕೆಲಸ ಅದೊಂದೇ ಎಂಬುದಕ್ಕಾಗಿ ಈ ಬಹಿರಂಗ ಪತ್ರದ ಮೂಲಕ ಅಭಿನಂದಿಸುತ್ತೇನೆ.

ಪರೀಕ್ಷೆಗೆ ಎಂಟು ದಿನವಿರುವಾಗ ಗಣಿತದ ಪುಸ್ತಕವನ್ನು ಅಚ್ಚಿಗೆ ಹಾಕಿದೆವು. ಹಾಳೆ ಸರಿಸುವುದು ತಮ್ಮ ಸ್ವಂತ ಕೆಲಸವಾದ್ದರಿಂದ ಅದು ಸಾಂಗವಾಗಿ ನಡೆದು, ತಟ್ಟೆಯಲ್ಲಿದ್ದ ಇನ್ನೂರ ಹನ್ನೆರಡು ಹಾಳೆಗಳೂ ಒಂದು ಬದಿಯಿಂದ ಹೋಗಿ ಇನ್ನೊಂದು ಬದಿಯಿಂದ ಬಂದವು. “ಟಕಟಕ ಸದ್ದೇ ಇಲ್ವಲ್ಲೋ” ಎಂದು ಅಕ್ಕ ಕೇಳಿದಾಗ, ಹೊಸ ತಂತ್ರಾಂಶ ಹಾಗೇ, ಮೆತ್ತಗೆ ಕೆಲಸ ಮಾಡುತ್ತದೆ ಎಂದು ದೊಡ್ಡ ಪಂಡಿತನ ಹಾಗೆ ಉತ್ತರ ಕೊಟ್ಟವನು ನಾನೇ. ಅವಳು ಮೊದಲ ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ಎರಡು ಸಲ ಸವರಿ, “ಕಾಗದ ಚೆನ್ನಾಗಿದೆ ಕಣೋ, ಓದೋಕೆ ಏನಿದೆ?” ಎಂದಳು. ಅಷ್ಟು ನಾಚಿಕೆ ನನಗೆ ಜೀವನದಲ್ಲಿ ಆಗಿರಲಿಲ್ಲ.

ಆಮೇಲೆ ಬಗೆದು ನೋಡಿದರೆ, ಒಂದು ಪ್ರೋಗ್ರಾಂ ಇನ್ನೊಂದನ್ನು ಓಡಿಸು ಎಂದು ಕೇಳಿಕೊಂಡರೆ ಅದು ಹೇಗೆಂದು ತಮಗೆ ಗೊತ್ತೇ ಇಲ್ಲ. ಗೊತ್ತಿಲ್ಲವೆನ್ನುವ ಬದಲು ‘ಆಯಿತು’ ಎಂದು ಸುಮ್ಮನೆ ಕೂರುತ್ತೀರಿ. ಆರು ಸಾವಿರ ಚಿಲ್ಲರೆ ತಪಾಸಣೆಗಳಲ್ಲಿ ಒಂದಾದರೂ ಓಡಿರಲಿಲ್ಲ, ಹೊಸ ತಂತ್ರಾಂಶ ಓಡಿಸಲು ಕೇಳಿದ ಚುಕ್ಕಿ ಉಬ್ಬಿಸುವ ಪ್ರೋಗ್ರಾಂ ಕೂಡ ಓಡಿರಲಿಲ್ಲ. ತಮ್ಮ ಪಾಲಕರಿಗೆ ಬರೆದಾಗ ಅವರು ಕೃಪೆಯಿಟ್ಟು ಉತ್ತರಿಸಿದರು: ದೋಷದ ಸಂದೇಶ ಕಂಡರೆ ಬಳಕೆದಾರರ ಮನಸ್ಸು ನೋಯುತ್ತದೆ, ಆದ್ದರಿಂದ ಅದನ್ನು ತೋರಿಸದಿರುವುದು ಮೊದಲಿನಿಂದಲೂ ನಡೆದುಬಂದ ನೀತಿ. ಬಳಕೆದಾರರ ಮನಸ್ಸಿನ ಬಗ್ಗೆ ಇಷ್ಟು ಕಾಳಜಿಯುಳ್ಳವರು ಅಕ್ಕನ ಬೆರಳುಗಳನ್ನು ಒಮ್ಮೆ ಬಂದು ನೋಡಬೇಕಿತ್ತು. ಬ್ರೈಲ್ ಸ್ಲೇಟಿಗೆ ಹಾಳೆ ಸಿಕ್ಕಿಸಿ, ಮಗುಚಿದಾಗ ಸರಿಯಾಗಿ ಬರುವಂತೆ ಬಲದಿಂದ ಎಡಕ್ಕೆ, ಒಂದೊಂದೇ ಚುಕ್ಕಿಯನ್ನು ಮೊನೆಕಡ್ಡಿಯಿಂದ ಚುಚ್ಚುತ್ತ ಅವಳು ಎಂಟು ದಿನ ಕೂತಳು. ರಜೆ ಹಾಕಿ ಪಕ್ಕದಲ್ಲಿ ಕೂತು ಮೂರರಲ್ಲಿ ಎರಡು, ಏಳರಲ್ಲಿ ನಾಲ್ಕು ಎಂದು ಓದಿ ಹೇಳುವುದು ನನ್ನ ಪಾಲಿನ ಪ್ರಾಯಶ್ಚಿತ್ತ. ಆರು ಪಾಠಗಳಲ್ಲಿ ನಾಲ್ಕಾದವು. ಪಾಠ ಮುಗಿದಂತೆಲ್ಲ ಹನ್ನೊಂದು ಮಕ್ಕಳೂ ಅದೊಂದೇ ಪ್ರತಿಯನ್ನು ಸರದಿಯ ಮೇಲೆ ಓದಿದರು.

ಉತ್ತರಪತ್ರಿಕೆಗಳನ್ನು ಪರೀಕ್ಷಕರಿಗೆ ಓದಿ ಹೇಳಿದವಳೂ ಅಕ್ಕನೇ. ಐದನೇ ಪಾಠದ ಪ್ರಶ್ನೆಗೆ ಹೆಚ್ಚಿನವರು ಏನೋ ಒಂದು ಅಂಕಿ ಹಾಕಿದ್ದರು. ಒಬ್ಬಳು ಹುಡುಗಿ ಮಾತ್ರ, “ಈ ಪಾಠ ನಮ್ಮ ಕೈಗೆ ಬಂದಿಲ್ಲ, ನನಗೆ ಗೊತ್ತಿಲ್ಲ” ಎಂದು ಬರೆದಿದ್ದಳು. ನಿಯಮದಂತೆ ಆ ಪ್ರಶ್ನೆಗೆ ಅವಳಿಗೆ ಸೊನ್ನೆ ಬಂತು, ಹನ್ನೊಂದರಲ್ಲಿ ಅವಳೂ ಸೇರಿ ಏಳು ಜನ ನಪಾಸಾದರು. ಮಾನ್ಯರೇ, ಈ ಇಡೀ ವ್ಯವಹಾರದಲ್ಲಿ ಸರಿಯಾಗಿ ಬಂದ ದೋಷದ ಸಂದೇಶ ಅದೊಂದೇ, ಮತ್ತು ಅದನ್ನು ಕೊಟ್ಟವಳಿಗೆ ಹನ್ನೆರಡು ವರ್ಷ.

ಮರುಪರೀಕ್ಷೆಗೆ ಏಳು ವಾರವಿದೆ. ಆದಕಾರಣ ತಮ್ಮಲ್ಲಿ ನನ್ನ ಸವಿನಯ ಬಿನ್ನಹ ಇಷ್ಟೇ: ತಾವು ದಯಮಾಡಿ ಆ ಪೆಟ್ಟಿಗೆಯಿಂದ ಇಳಿದು, ತರಗತಿಯ ಕೊನೆಯ ಬೆಂಚಿನಲ್ಲಿ ಆ ಹುಡುಗಿಯ ಪಕ್ಕ ಒಂದು ದಿನ ಕೂತು, ‘ಗೊತ್ತಿಲ್ಲ’ ಎಂಬ ಪದವನ್ನು ಕಲಿತು ಬರಬೇಕು. ಹಾಜರಿ ಪುಸ್ತಕದಲ್ಲಿ ತಮ್ಮ ಹೆಸರು ಸೇರಿಸುವಂತೆ ನಾನು ಮುಖ್ಯೋಪಾಧ್ಯಾಯಿನಿಯವರ ಕಾಲು ಹಿಡಿಯಲೂ ಸಿದ್ಧ. ಅಷ್ಟರವರೆಗೆ ಕಂಪೈಲರಿಗೆ ಅಕ್ಕನ ಪದ್ಧತಿಯನ್ನೇ ಕಲಿಸಿದ್ದೇನೆ: ತಾವು ‘ಆಯಿತು’ ಎಂದ ಪ್ರತಿ ಸಲ ಅದು ನಂಬದೆ ವಾಪಸು ಹೋಗಿ ಮುಟ್ಟಿ ನೋಡುತ್ತದೆ, ಆಗಿಲ್ಲದಿದ್ದರೆ ಬೇರೆ ದಾರಿಯಲ್ಲಿ ತಾನೇ ಓಡಿಸಲು ನೋಡುತ್ತದೆ. ಮೊದಲ ದಿನ ಐದು ಸಾವಿರದ ಒಂಬೈನೂರು ತಪಾಸಣೆಗಳು ಸೋತವು. ಈಗ ಸೋಲುತ್ತಿರುವುದು ಮುನ್ನೂರ ನಾಲ್ಕು.

ನಂಬಿಕೆಯೊಂದನ್ನು ಬಿಟ್ಟು ಉಳಿದೆಲ್ಲ ಗೌರವಗಳೊಂದಿಗೆ,

ತಮ್ಮ ವಿಶ್ವಾಸಿ,
ಅಚ್ಚುಕೋಣೆಯ ಮೋಟು ಕುರ್ಚಿಯವನು

ತಾ.ಕ.: ಈ ಪತ್ರವನ್ನು ತಮ್ಮಲ್ಲೇ ಟೈಪು ಮಾಡಿ ಉಳಿಸಲು ಕೇಳಿಕೊಂಡಾಗ ತಾವು ಎಂದಿನಂತೆ ‘ಆಯಿತು’ ಎಂದಿರಿ. ಆದ್ದರಿಂದ ಅಕ್ಕ ಇದನ್ನು ತಾವು ದಯಪಾಲಿಸಿದ ಖಾಲಿ ಹಾಳೆಗಳಲ್ಲಿ ಮಿಕ್ಕ ಏಳರ ಮೇಲೆ ಚುಚ್ಚಿ ಇಟ್ಟಿದ್ದಾಳೆ. ಅದನ್ನು ನಾನು ಮುಟ್ಟಿ ನೋಡಿದ್ದೇನೆ.