ಸ್ವಂತ ಕಟ್ಟಡದಲ್ಲೇ ಅಲೆಮಾರಿ

ಕೋಣನಕುಂಟೆಯಲ್ಲಿ ನಾಲ್ಕಂತಸ್ತಿನ ಕಟ್ಟಡ ಇಟ್ಟುಕೊಂಡೂ ನೆಲೆಯಿಲ್ಲದ ಮನುಷ್ಯನನ್ನು ನೀವು ನೋಡಿದ್ದೀರಾ? ಇಲ್ಲದಿದ್ದರೆ ನಮ್ಮ ಸೋದರಮಾವನನ್ನು ನೋಡಬೇಕು. ಅವರಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಮಾವ ಈಗ ಬಾಡಿಗೆ ಬೆಳೆಯುತ್ತಾರೆ.

ಬಿಳೇಕಹಳ್ಳಿಯ ನನ್ನ ಫ್ಲ್ಯಾಟಿನ ಗೃಹಪ್ರವೇಶ. ಎಲ್ಲರೂ ಹೋಳಿಗೆಗೆ ಕೂತಿದ್ದರೆ ಮಾವ ಬಾಲ್ಕನಿಯಲ್ಲಿ ನಿಂತು ಬೆರಳು ಮಡಚುತ್ತಿದ್ದರು. "ಬರೋ ಬಾಡಿಗೇಲಿ ಮೇಂಟೆನೆನ್ಸು, ತೆರಿಗೆ, ವರ್ಷಕ್ಕೊಂದು ತಿಂಗಳು ಖಾಲಿ ಬೀಳೋದು, ಎಲ್ಲಾ ಕಳಿ. ಉಳಿದಿದ್ದು ಬ್ಯಾಂಕಿನ ಕಂತಿಗೂ ಸಾಲಲ್ಲ. ಪ್ರತಿ ತಿಂಗಳೂ ಕೈಯಿಂದ ಹಾಕ್ಬೇಕು ಕಣೋ."

"ನಾನು ಇರೋಕೆ ತಗೊಂಡಿದ್ದು ಮಾವ."

"ಇರೋಕಾ?" ಅಂದು, ಜ್ವರ ಬಂದವನನ್ನು ನೋಡುವಂತೆ ನೋಡಿದರು. 

ಮಾಲೀಕ ಕೂತ ಮನೆ ದುಡಿಯಲ್ಲ ಅನ್ನುವುದು ಮಾವನ ಸಿದ್ಧಾಂತ. ಹಾಗಾಗಿ ಯಾರಿಗೂ ಬೇಡವಾದ ಮನೆಯಲ್ಲಿ ಮಾಲೀಕನೇ ಇರಬೇಕು! ಖಾಲಿ ಮನೆ ನೋಡಲು ಬಂದವರು ಅಪ್ಪಿತಪ್ಪಿ "ನೀವಿರೋದೇ ಚೆನ್ನಾಗಿದೆ ಅಂಕಲ್" ಅಂದರೋ, ಮುಗೀತು ಕಥೆ. ಹತ್ತು ತಿಂಗಳ ಅಡ್ವಾನ್ಸ್ ಇಸ್ಕೊಂಡು, ಅತ್ತೆಗೆ "ಸಾಮಾನು ಕಟ್ಟು" ಅನ್ನೋರು. ಒಮ್ಮೆ ದೀಪಾವಳಿಗೆ ಹೋದವನು ಸಲಿಗೆಯಿಂದ ಸೀದಾ ಅಡುಗೆಮನೆಗೆ ನುಗ್ಗಿದೆ. ಯಾರೋ ಆಂಟಿ ಲಟ್ಟಣಿಗೆ ಹಿಡಿದು ನನ್ನ ಕಡೆ ತಿರುಗಿದರು. ಮಾವ ಹಿಂದಿನ ವಾರವೇ ಮೇಲಿನ ಮನೆಗೆ ಗಂಟುಮೂಟೆ ಸಾಗಿಸಿದ್ದರಂತೆ.

ಹೀಗೆ ಮೇಲಕ್ಕೇರಿ ಏರಿ ಕೊನೆಗೆ ಟೆರೇಸಿನ ಕೆಳಗಿನ ಮನೆ ಸೇರಿದರು. ಲಿಫ್ಟಿಲ್ಲ, ಬೇಸಿಗೆಯಲ್ಲಿ ಕಾದ ಕಾವಲಿ. ಅಲ್ಲಿಗೆ ಅತ್ತೆಯ ಮಂಡಿ ಕೈಕೊಟ್ಟಿತು. ಆಸ್ಪತ್ರೆಗಲ್ಲದೆ ಅವರು ಕೆಳಗಿಳಿಯುವುದೇ ನಿಂತುಹೋಯಿತು. ಫೋನ್ ಮಾಡಿದರೆ "ಚೆನ್ನಾಗಿದೀನಪ್ಪಾ" ಅಂತ ಒಂದೇ ಮಾತು. ನನಗೆ ಮೈಯೆಲ್ಲಾ ಉರಿದು, ಸೀದಾ ಮಾವನ ಮುಂದೆ ಹೋಗಿ ಕೂತೆ. ರಸ್ತೆಗೆ ಹೊಂದಿಕೊಂಡಂತೆ ಕೆಳಗೆ ಬೇಕರಿಗೆ ಕೊಟ್ಟ ಮಳಿಗೆ ಇತ್ತಲ್ಲ!

"ಬೇಕರಿ ಬಿಡಿಸಿ ಅಲ್ಲೇ ಮನೆ ಮಾಡ್ಕೊಳ್ಳಿ. ಅತ್ತೆ ಇಳಿದು ಬರ್ಲಿ."

"ಕಮರ್ಷಿಯಲ್ ಕಣೋ ಅದು. ಇಡೀ ಬಿಲ್ಡಿಂಗಲ್ಲಿ ಜಾಸ್ತಿ ದುಡಿಯೋದೇ ಅದು."

"ಹಾಗಾದ್ರೆ ಅತ್ತೇನೂ ಬಾಡಿಗೆಗೆ ಕೊಟ್ಬಿಡಿ" ಅಂದು ಎದ್ದು ಬಂದೆ. ಬಹಳ ದಿನ ಮಾತೇ ಬಿಟ್ಟೆ.

ಮೊನ್ನೆ ಮನಸ್ಸು ತಡೆಯದೆ ಹೋದರೆ ಬೇಕರಿ ಮಾಯ. ಶಟರ್ ಕಿತ್ತು ಮರದ ಬಾಗಿಲು ಕೂರಿಸಿದ್ದಾರೆ. ಬೇಕರಿಯವರ ಅಡ್ವಾನ್ಸ್ ವಾಪಸ್ ಕೊಡೋಕೆ ಬ್ಯಾಂಕಿನ ಠೇವಣಿಯನ್ನೇ ಮುರಿಸಿದರಂತೆ. ಒಳಗೆ ಅತ್ತೆ ಒಗ್ಗರಣೆ ಹಾಕುತ್ತಿದ್ದರು. ಸಿಕ್ಕ ಅವಕಾಶ ಬಿಡುತ್ತೇನೆಯೇ?

"ಏನ್ ಮಾವ, ಇದರ ರಿಟರ್ನ್ ಎಷ್ಟು ಬಿತ್ತು?"

ಮಾವ ಹೊಸ ಬಾಗಿಲ ಕಡೆ ಕೈ ತೋರಿಸಿದರು.

"ನಿನ್ನೆ ನಿಮ್ಮತ್ತೆ ಬಾಗಿಲಲ್ಲಿ ಕೂತು ಸೊಪ್ಪಿನವಳ ಜೊತೆ ಜಗಳ ಆಡಿದ್ಲು ಕಣೋ. ಒಂದು ಕಟ್ಟು ದಂಟಿಗೆ ಬೀದಿಗೆಲ್ಲಾ ಕೇಳೋ ಹಾಗೆ. ಮೇಲಿನ ಮನೆಗೆ ಹೋದ್ಮೇಲೆ ಅವಳು ದನಿ ಎತ್ತಿದ್ದೇ ನಾನು ಕೇಳಿರ್ಲಿಲ್ಲ. ಎಲ್ಲಿ ಮಾತಾಡೋದನ್ನೇ ಬಿಟ್ಬಿಡ್ತಾಳೋ ಅಂತ ಹೆದರ್ಕೊಂಡಿದ್ದೆ."