ನಲವತ್ತನೆಯ ಗುಂಡುಪಿನ್ನು

"ಹತ್ತೇ ಹತ್ತು ನಿಮಿಷ! ಪ್ರಪಂಚದ ವಸ್ತುಗಳನ್ನೆಲ್ಲ ಮೂರು ಗುಂಪು ಮಾಡಿ ನಿನ್ನ ತಲೇಲಿ ಜೋಡಿಸಿಟ್ಟುಬಿಡ್ತೀನಿ!" ಎಂದು ರಸಾಯನಶಾಸ್ತ್ರದ ಮೇಷ್ಟ್ರು ಅಡುಗೆಮನೆಯ ನಡುವೆ ನಿಂತು ಘೋಷಿಸಿದರು.

ಮೇಷ್ಟ್ರಿಗೆ ಈ ಆವೇಶ ಸುಮ್ಮನೆ ಬಂದದ್ದಲ್ಲ. ಅವರದೇ ತರಗತಿಯಲ್ಲಿ ಅವರದೇ ಮಗಳಿಗೆ ಹತ್ತಕ್ಕೆ ಮೂರು ಅಂಕ! "ದೀಪದ ಬುಡದಲ್ಲೇ ಕತ್ತಲೆ" ಎಂದು ಲೆಕ್ಕದ ಮೇಷ್ಟ್ರು ಕಿಸಕ್ಕನೆ ನಕ್ಕಿದ್ದರು. ನಾಳೆ ಮರುಪರೀಕ್ಷೆ. ಧಾತು, ಸಂಯುಕ್ತ, ಮಿಶ್ರಣ ಅಂದರೆ ಸಾಕು, ಹುಡುಗಿ ಹೆದರಿ ಪುಸ್ತಕ ಮುಚ್ಚಿಬಿಡುತ್ತಿದ್ದಳು. ಅಪ್ಪ ಬೈತಾರೆ ಅಂತಲ್ಲ, ಮತ್ತೆ ಅಪ್ಪನ ಮುಖ ಸಣ್ಣದಾಗುತ್ತಲ್ಲ ಅಂತ. ಪಾಪ!

ದೊಡ್ಡ ವಿಜ್ಞಾನಕ್ಕೆ ದೊಡ್ಡ ಪಾತ್ರೆಯೇ ಬೇಕು. ಮೇಷ್ಟ್ರು ಡಬ್ಬದ ಅಕ್ಕಿಯನ್ನೆಲ್ಲ ಸುರಿದರು. ಮೇಲೆ ಎರಡು ಹಿಡಿ ಉಪ್ಪು. ಅವರ ಹೆಂಡತಿ ಟೈಲರ್. ದಾರ ತರಲು ಹೊರಗೆ ಹೋಗಿದ್ದರು. ಹೊಲಿಗೆ ಯಂತ್ರದ ಪಕ್ಕದಲ್ಲಿದ್ದ ಗುಂಡುಪಿನ್ನಿನ ಡಬ್ಬಿಯೂ ಅದೇ ಪಾತ್ರೆಗೆ ಬಿತ್ತು.

"ನೋಡಮ್ಮ, ಪಿನ್ನು ಕಬ್ಬಿಣ, ಧಾತು. ಉಪ್ಪು ಸಂಯುಕ್ತ."

"ಅಕ್ಕಿ?"

"ಅದು... ಅದು ಊಟ! ಮಧ್ಯೆ ಬಾಯಿ ಹಾಕಬೇಡ. ಎಲ್ಲ ಕಲಸಿದರೆ ಮಿಶ್ರಣ. ಈಗ ಅಯಸ್ಕಾಂತ ಆಡಿಸ್ತೀನಿ, ಪಿನ್ನುಗಳು ಓಡೋಡಿ ಬರ್ತವೆ!"

ಅಯಸ್ಕಾಂತ ಆಡಿತು. ಮೇಲೆ ಆಡಿತು, ಒಳಗೆ ಮುಳುಗಿ ಆಡಿತು. ಒಂದು ಪಿನ್ನೂ ಮಿಸುಕಲಿಲ್ಲ. ಮೇಷ್ಟ್ರ ಹಣೆಯಲ್ಲಿ ಬೆವರು.

ಅಷ್ಟರಲ್ಲಿ ಹೆಂಡತಿ ಬಂದರು. ಪಾತ್ರೆ ನೋಡಿದರು, ಖಾಲಿ ಡಬ್ಬಿ ನೋಡಿದರು, ಗಂಡನನ್ನು ನೋಡಿದರು.

"ಏನ್ರೀ ಇದು?"

"ಪಾಠ!"

"ಯಾರಿಗೆ? ಅದು ಹಿತ್ತಾಳೆ ಪಿನ್ನು ಕಣ್ರೀ! ಕಬ್ಬಿಣದ್ದಾದರೆ ಬಟ್ಟೆಗೆ ತುಕ್ಕಿನ ಕಲೆ ಆಗುತ್ತೆ ಅಂತ ಹುಡುಕಿ ತಂದದ್ದು. ಅಯಸ್ಕಾಂತಕ್ಕೆ ಅದು ಬರುತ್ತಾ?"

ಇಪ್ಪತ್ತು ವರ್ಷ ಕಲಿಸಿದ ಮೇಷ್ಟ್ರು ಅಯಸ್ಕಾಂತವನ್ನು ಮೆಲ್ಲಗೆ ಜೇಬಿಗೆ ಇಳಿಸಿದರು. ಆಗ ಮಗಳ ಕಣ್ಣು ಅರಳಿತು.

"ಅಪ್ಪಾ, ಹಿತ್ತಾಳೆ ಅಂದ್ರೆ ತಾಮ್ರ, ಸತು ಕರಗಿಸಿ ಬೆರೆಸಿದ್ದು ತಾನೆ? ಹಾಗಾದ್ರೆ ಪಿನ್ನು ಧಾತು ಅಲ್ಲ! ಅದೂ ಮಿಶ್ರಣವೇ, ಆದರೆ ಎಲ್ಲ ಕಡೆ ಒಂದೇ ಥರ. ಈ ಪಾತ್ರೇದು ಒಂದೊಂದು ಕಡೆ ಒಂದೊಂದು ಥರ!"

ಮೂರು ವಾರ ತಲೆಗೆ ಹತ್ತದ್ದು ಮೂರು ನಿಮಿಷದಲ್ಲಿ ಹತ್ತಿತ್ತು. ಮೇಷ್ಟ್ರಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ.

"ಪಾಠ ಆಯ್ತಲ್ಲ, ಈಗ ಕೂತ್ಕೊಂಡು ಆರಿಸಿ" ಎಂದರು ಹೆಂಡತಿ. ಜರಡಿ ಹಿಡಿದು ಉಪ್ಪನ್ನು ಕೆಳಗಿಳಿಸಿದರು. ಅಕ್ಕಿಯನ್ನು ಚಾಪೆಯ ಮೇಲೆ ಹರಡಿದರು. ಮೂವರೂ ಬಗ್ಗಿ ಆರಿಸಿದ್ದೇ ಆರಿಸಿದ್ದು. ಮೂವತ್ತೊಂಬತ್ತು ಸಿಕ್ಕವು. ಡಬ್ಬಿಯಲ್ಲಿದ್ದದ್ದು ನಲವತ್ತು!

"ಆ ಒಂದು ಸಿಗೋವರೆಗೂ ಈ ಅಕ್ಕಿ ಒಲೆ ಮೇಲೆ ಏರಲ್ಲ. ಯಾರ ಗಂಟಲಿಗಾದ್ರೂ ಚುಚ್ಚಿದ್ರೆ?"

ಮತ್ತೆ ಒಂದೊಂದೇ ಕಾಳು. ಮಗಳು ಹಸಿವಿನಲ್ಲೂ ಗುಣುಗುಣು ಪಾಠ ಹೇಳಿಕೊಳ್ಳುತ್ತಿದ್ದಳು. ಸೊಂಟ ಬಿದ್ದುಹೋದ ಮೇಷ್ಟ್ರು, "ನನ್ನ ಕೈಲಾಗಲ್ಲ!" ಎಂದು ಚಾಪೆಯ ತುದಿಯಲ್ಲಿ ಧೊಪ್ಪನೆ ಕೂತರು.

"ಅಯ್ಯಯ್ಯಪ್ಪೋ!"

ನಲವತ್ತನೆಯದು ಸಿಕ್ಕಿತು.

ಮಾರನೆಯ ದಿನ ಶಿಕ್ಷಕರ ಕೊಠಡಿಯಲ್ಲಿ ಮೇಷ್ಟ್ರು ಮಗಳ ಉತ್ತರಪತ್ರಿಕೆ ತಿದ್ದುತ್ತಿದ್ದರು. ಧಾತು ಸರಿ, ಸಂಯುಕ್ತ ಸರಿ, ಹಿತ್ತಾಳೆಯಂತೂ ನೂರಕ್ಕೆ ನೂರು ಸರಿ. ಕೊನೆಯ ಪ್ರಶ್ನೆ: ಮಿಶ್ರಣವನ್ನು ಬೇರ್ಪಡಿಸುವ ಮೂರು ವಿಧಾನ ತಿಳಿಸಿ. ಲೆಕ್ಕದ ಮೇಷ್ಟ್ರು ಹೆಗಲ ಮೇಲಿಂದ ಇಣುಕಿ ಗಟ್ಟಿಯಾಗಿ ಓದಿಯೇಬಿಟ್ಟರು:

"ಒಂದು, ಜರಡಿ ಹಿಡಿಯುವುದು. ಎರಡು, ಕೈಯಿಂದ ಆರಿಸುವುದು. ಮೂರು, ಅಪ್ಪನನ್ನು ಚಾಪೆಯ ಮೇಲೆ ಕೂರಿಸುವುದು!"

ಮೇಷ್ಟ್ರು ಹತ್ತಕ್ಕೆ ಹತ್ತು ಹಾಕಿದರು, ನಿಂತುಕೊಂಡೇ.