ಉಗ್ರಾಣದ ಬಾಗಿಲು

2024ರ ಮಾರ್ಚ್ 14, ಗುರುವಾರ, ಬೆಳಿಗ್ಗೆ 8 ಗಂಟೆ 10 ನಿಮಿಷಕ್ಕೆ ಸೈಟ್ ಎಂಜಿನಿಯರಿಗೆ ಮ್ಯಾನೇಜರ್ ಫೋನ್ ಮಾಡಿದರು. "ಇವತ್ತು ನಲವತ್ತು ಚದರ ಮೀಟರ್ ಗೋಡೆ ಎದ್ರೆ ನಾಳೆ ರಜೆ. ಸಂಜೆ ನಾನೇ ಬಂದು ಅಳೀತೀನಿ. ಅಲ್ಲೀವರೆಗೂ ಗಂಟೆಗೊಂದು ಲೆಕ್ಕ ಕಳಿಸು."

ಆರು ವಾರದಿಂದ ಅವನು ಮನೆ ಕಂಡಿರಲಿಲ್ಲ. "ಮಗು ನಿಮ್ಮ ಫೋಟೋ ನೋಡಿ ಮಾವ ಅಂತಿದೆ. ನಾನೂ ತಿದ್ದೋದು ಬಿಟ್ಟಿದೀನಿ," ಎಂದಿದ್ದಳು ಹೆಂಡತಿ.

ಅವನು ಮೇಸ್ತ್ರಿಗೆ ಗುರಿ ಹೇಳಿದ.

"ನಿನ್ನೇನೂ ನಲವತ್ತು ಕಟ್ಟಿದ್ವಲ್ಲ ಸಾರ್."

"ಬಾಗಿಲಿಗೆ ಬಿಟ್ಟ ಜಾಗ ಕಳೀಬೇಕಲ್ಲಪ್ಪ. ಗೋಡೆ ಇದ್ದಷ್ಟೇ ಲೆಕ್ಕ."

"ಹಾಗಾದ್ರೆ ಬಿಟ್ಟಷ್ಟೂ ನಷ್ಟ ಅನ್ನಿ," ಎಂದು ಮೇಸ್ತ್ರಿ ಗಂಭೀರವಾಗಿ ತಲೆಯಾಡಿಸಿ ಹೋದ.

ಗಂಟೆಗೊಮ್ಮೆ ಎಂಜಿನಿಯರ್ ಟೇಪು ಹಿಡಿದು ಬಂದಾಗ ಗಾರೆಯವರು ಕರಣೆ ಕೆಳಗಿಟ್ಟು ನಿಲ್ಲುತ್ತಿದ್ದರು. "ನೀವು ಅಳೆಯೋದು ಬಿಟ್ರೆ ನಾವು ಕಟ್ತೀವಿ ಸಾರ್," ಎಂದ ಒಬ್ಬ. ನ್ಯಾಯವೆನಿಸಿತು. ಮೂರು ಗಂಟೆಗೆ ಅವನು ಬಾಗಿಲು ಇನ್ನೂ ಕೂರಿಸದ, ಕಿಟಕಿಯಿಲ್ಲದ ಉಗ್ರಾಣಕ್ಕೆ ಹೋಗಿ, ಮೂಟೆಗಳ ಹಿಂದೆ ಕೂತು, ನೀರು ಬಿದ್ದ ಸಿಮೆಂಟಿನಂತೆ ಹಾಗೆಯೇ ನಿದ್ದೆಯಲ್ಲಿ ಗಟ್ಟಿಯಾದ.

ಎಚ್ಚರವಾದಾಗ ಕತ್ತಲು. ಸೂರಿನ ಬಳಿ ಅಂಗೈಯಗಲದ ಗಾಳಿಗಂಡಿ ಮಾತ್ರ ಬೆಳಗುತ್ತಿತ್ತು. ಬಾಗಿಲಿಗೆ ಬಿಟ್ಟಿದ್ದ ಕಡೆ ಕೈ ಚಾಚಿದರೆ ಹಸಿ ಗಾರೆ ಅಂಟಿತು.

ಹೊರಗೆ ಮ್ಯಾನೇಜರ್ ದನಿ. ನಕ್ಷೆಯನ್ನು ಎಂದೂ ಬಿಡಿಸಿ ನೋಡದ ಅವರು ಕಂಡ ಗೋಡೆಯನ್ನೆಲ್ಲ ಅಳೆದಿದ್ದರು. "ನಲವತ್ತೊಂದು ಪಾಯಿಂಟ್ ಎರಡು. ಪರವಾಗಿಲ್ಲ, ನಾಳೆ ಊರಿಗೆ ಹೋಗಿ ಬರಲಿ. ಎಲ್ಲಿ ಅವನು?"

"ಇಲ್ಲೇ ಎಲ್ಲೋ ಇದ್ರು ಸಾರ್," ಎಂದ ಮೇಸ್ತ್ರಿ.

ಕೂಗಲು ತೆರೆದ ಬಾಯಿಯನ್ನು ಎಂಜಿನಿಯರ್ ಮುಚ್ಚಿದ. ಕೂಗಿದರೆ ಗೋಡೆ ಒಡೆಯಬೇಕು. ಒಡೆದರೆ ಒಂದು ಬಾಗಿಲಿನಷ್ಟು ಹೋಯಿತು, ಅದರ ಜೊತೆ ರಜೆಯೂ ಹೋಯಿತು. ಮ್ಯಾನೇಜರ್ ಹೊರಡುವವರೆಗೆ ತೆಪ್ಪಗಿದ್ದರಾಯಿತು. ಅವನು ಉಸಿರು ಬಿಗಿಹಿಡಿದ.

ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಹೆಂಡತಿ.

"ಇದೇನಯ್ಯ, ಗೋಡೆ ರಿಂಗಾಗ್ತಿದೆ?" ಎಂದರು ಮ್ಯಾನೇಜರ್.

ಮೇಸ್ತ್ರಿ ತಲೆ ಕೆರೆದುಕೊಂಡ. "ಬಾಗಿಲು ಬಿಟ್ರೆ ಕಳೀತಾರೆ ಅಂತ ಕಟ್ಟಿಬಿಟ್ವಿ ಸಾರ್. ಒಳಗಿದ್ದೋರನ್ನ ನೋಡಲಿಲ್ಲ."

ಸುತ್ತಿಗೆಯ ಏಟು ಬೀಳತೊಡಗಿತು. ಅವನು ಮೈತುಂಬ ಬೂದಿ ಬಣ್ಣ ಹೊತ್ತು ಹೊರಬಂದಾಗ ಮ್ಯಾನೇಜರ್ ಬಗ್ಗಿ, ಅವನು ಬಂದ ಬಾಗಿಲ ಜಾಗಕ್ಕೆ ಟೇಪು ಹಿಡಿದರು: ಅಗಲ 0.90, ಎತ್ತರ 2.10.

"ರಜೆ ಸಿಕ್ತಾ?" ಎಂದು, ಅವನು ಕೊನೆಗೂ ಎತ್ತಿದ ಫೋನಿನಲ್ಲಿ ಹೆಂಡತಿ ಕೇಳುತ್ತಲೇ ಇದ್ದಳು.

ಆ ದಿನದ ಒಟ್ಟು ಕೆಲಸ 39.31 ಚದರ ಮೀಟರ್.